ಹೆಸರು ಹೊಡೆಸಿದವರು

ನನ್ನ ನೆನಪಿನಲ್ಲಿ ಅವರು ಯಾವಾಗಲೂ ಮಂಜಿನೊಳಗಿಂದಲೇ ಬರುತ್ತಾರೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಮಣ್ಣುರಸ್ತೆ, ಎರಡೂ ಕಡೆ ಸೂರ್ಯಕಾಂತಿ ಹೊಲ, ಬೆಟ್ಟದಿಂದ ಇಳಿದು ಹೊಲದ ಮೇಲೆ ನಿಂತುಬಿಟ್ಟ ಬಿಳುಪು. ಆ ಬಿಳುಪಿನೊಳಗೆ ಮೊದಲು ಮೊಪೆಡ್ಡಿನ ಸದ್ದು ಕೇಳುತ್ತದೆ, ಆಮೇಲೆ ಕಾಲ ಬಳಿ ಇಟ್ಟುಕೊಂಡ ನೀಲಿ ಲಸಿಕೆ ಡಬ್ಬಿ ಕಾಣುತ್ತದೆ, ಕೊನೆಗೆ ಸೆರಗನ್ನು ಸೊಂಟಕ್ಕೆ ಬಿಗಿದ ಅವರು. ಆದರೆ ಆ ವರ್ಷದ ಡೈರಿ ತೆಗೆದು ನೋಡಿದರೆ ಬೇರೆಯೇ ಇದೆ. 'ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್. ಮಧ್ಯಾಹ್ನ ಹನ್ನೆರಡು. ಸುಡುಬಿಸಿಲು. ಹೆಲ್ತ್ ವಿಸಿಟರ್ ಸಿಕ್ಕರು. ಕಬ್ಬಿನ ಹಾಲು ಕುಡಿಸಿದರು.' ಮಂಜಿನ ಮಾತೇ ಇಲ್ಲ. ಎರಡರಲ್ಲಿ ಡೈರಿಯೇ ನಿಜವಿರಬೇಕು. ಆದರೂ ಅವರನ್ನು ನೆನೆದರೆ ಬಿಸಿಲು ಬರುವುದಿಲ್ಲ.

ಹೋದ ತಿಂಗಳು ಚಾಮರಾಜನಗರದಿಂದ ಅವರ ತಂಗಿಯ ಮಗಳು ಫೋನ್ ಮಾಡಿದಳು. "ಖಾಲಾ ಹೋಗ್ಬಿಟ್ರು ಮೇಡಂ. ಅವರ ಪುಸ್ತಕದಲ್ಲಿ ನಿಮ್ಮ ನಂಬರ್ ಇತ್ತು, ಅದಕ್ಕೇ ಮಾಡ್ದೆ" ಎಂದಳು. ನಾನು "ಮೊಪೆಡ್ ಇನ್ನೂ ಇದೆಯಾ?" ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ. "ಅದನ್ನ ಮಾರಿ ಎಷ್ಟೋ ವರ್ಷ ಆಯ್ತು ಮೇಡಂ" ಎಂದಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಊರುಗಳಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಗಂಡಸರಿಗೆ, ಹೆಂಗಸರಿಗೆ, ಅವರೇ ಹೆರಿಗೆ ಮಾಡಿಸಿ ಭೂಮಿಗೆ ತಂದ ಮಕ್ಕಳಿಗೆ, ಎಲ್ಲರಿಗೂ ಅವರು ಸಿಸ್ಟರಮ್ಮ.

ಚಾಮರಾಜನಗರದಲ್ಲಿ ಅವರ ಮನೆ. ತಂದೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಕೆಲಸ ಗುಂಡ್ಲುಪೇಟೆ ಕಡೆಯಾದ್ದರಿಂದ ವಾರವೆಲ್ಲ ಅಲ್ಲೊಂದು ಬಾಡಿಗೆ ಕೋಣೆಯಲ್ಲಿರುತ್ತಿದ್ದರು. ಶನಿವಾರ ಸಂಜೆ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಾ ಊರಿಗೆ ಹೋಗುತ್ತಿದ್ದರು. ಮನೆಯಲ್ಲಿ ಉರ್ದು, ಊರಲ್ಲಿ ಕನ್ನಡ. ಡಬ್ಬಿಯೊಳಗಿನ ಸೀಸೆಗಳನ್ನು ಮಾತ್ರ ಏಕ್, ದೋ, ತೀನ್ ಎಂದೇ ಎಣಿಸುತ್ತಿದ್ದರು. ನಾನು ಒಮ್ಮೆ ನಕ್ಕಾಗ, "ಎಣಿಸೋಕೆ ಉರ್ದು, ಬೈಯೋಕೆ ಕನ್ನಡ. ಅಳೋಕೆ ಎರಡೂ ಬೇಕಾಗಿಲ್ಲ" ಎಂದರು. ಮದುವೆಯಾಗಿತ್ತೇ, ಮಕ್ಕಳಿದ್ದರೇ ಎಂದು ಓದುವವರು ಕೇಳಬಹುದು. ನಾನು ಕೇಳಲಿಲ್ಲ. ಊರೂರು ತಿರುಗಿ ಪ್ರಶ್ನೆ ಕೇಳುವುದೇ ಕೆಲಸವಾಗಿದ್ದ ನಾನು ಅವರಿಗೆ ಒಂದೂ ಸರಿಯಾದ ಪ್ರಶ್ನೆ ಕೇಳಲಿಲ್ಲವೆಂದು ಈಗ ಅನ್ನಿಸುತ್ತದೆ.

ಆ ಪ್ರಶ್ನೆಗಳ ವಿಷಯ ಹೇಳದೆ ಅವರ ವಿಷಯ ಹೇಳಲಾಗುವುದಿಲ್ಲ. ತೊಂಬತ್ತರ ದಶಕದ ನಡುಭಾಗ ಅದು. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ನಾನು ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಮೈಸೂರಿನ ಒಬ್ಬ ಸರ್ಜನ್ ಬಳಿ ಕೆಲಸಕ್ಕೆ ಸೇರಿದ್ದೆ. ಹುಟ್ಟುವಾಗಲೇ ತುಟಿಯೋ ಅಂಗುಳವೋ ಸೀಳಿರುವ, ಕಿವಿ ಮೂಡದಿರುವ ಮಕ್ಕಳಿಗೆ ಅವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಹೊರದೇಶದಲ್ಲಿ ಕೆಲವು ಕಾಲ ಇದ್ದು ಬಂದವರು. ಅಲ್ಲಿನ ಪ್ರಯೋಗಶಾಲೆಗಳಲ್ಲಿ ಒಂದು ಹೊಸ ವಿದ್ಯೆ ಕಣ್ಣು ಬಿಡುತ್ತಿತ್ತು. ಮಗುವಿನದೇ ಮೈಯಿಂದ ಸಾಸಿವೆಯಷ್ಟು ಅಂಗಾಂಶ ತೆಗೆದು, ಗಾಜಿನ ಪಾತ್ರೆಯಲ್ಲಿ ಪೋಷಕ ದ್ರವದೊಳಗೆ ಬೆಳೆಸಿ, ಹಾಗೆ ಬೆಳೆದದ್ದನ್ನು ಕೊರತೆ ಇರುವ ಜಾಗಕ್ಕೆ ಹೊಲಿಯುವುದು. ನಮ್ಮಲ್ಲಿ ಅದು ಇರಲಿಲ್ಲ. ಎಂದು ಬರುವುದೋ ಗೊತ್ತಿರಲಿಲ್ಲ. ಬಂದರೆ ನಮ್ಮ ಹಳ್ಳಿಯ ತಂದೆತಾಯಿಗಳು ಒಪ್ಪುತ್ತಾರೆಯೇ ಎಂದು ತಿಳಿಯಬೇಕಿತ್ತು. ಅದಕ್ಕೊಂದು ಪ್ರಶ್ನಾವಳಿ. ಅದರ ಮೊದಲ ಹಾಳೆ ಒಪ್ಪಿಗೆ ಪತ್ರ: 'ನಾನು ಸ್ವಇಚ್ಛೆಯಿಂದ ಉತ್ತರ ಕೊಡುತ್ತಿದ್ದೇನೆ.' ಕೆಳಗೆ ಸಹಿ, ಇಲ್ಲವೇ ಹೆಬ್ಬೆಟ್ಟು. ಆ ಹಾಳೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಕೇಳದೆ ಕೇಳಿಸದೆ ಬಡವರ ಮೈ ಮುಟ್ಟುವ ಕಾಲ ಮುಗಿಯಿತು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ಯಾವ ಊರಿನ ಯಾವ ಮನೆಯಲ್ಲಿ ಅಂಥ ಮಗುವಿದೆ ಎಂದು ಸಿಸ್ಟರಮ್ಮನಿಗೆ ಗೊತ್ತಿತ್ತು. ಹಾಗಾಗಿ ನಾನು ಅವರ ಮೊಪೆಡ್ಡಿನ ಹಿಂದೆ ಕೂತೆ.

ಅವರು ಕೇಳುವ ರೀತಿಯೇ ಬೇರೆ. ಯಾರ ಮನೆಗೆ ಹೋದರೂ ನೇರವಾಗಿ ಮಾತು ತೆಗೆಯುತ್ತಿರಲಿಲ್ಲ. ಆ ಮನೆಯಲ್ಲಿ ಯಾವ ಕೆಲಸ ನಡೆಯುತ್ತಿದೆಯೋ ಅದರ ಮುಂದೆ ಕೂರುವುದು. ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರೆ ತಾವೂ ಒಂದು ಹಿಡಿ ಎಳೆದುಕೊಂಡು ಬೀಜ ತೆಗೆಯುವುದು. ಅವರೆಕಾಯಿ ಇದ್ದರೆ ಅವರೆಕಾಯಿ ಬಿಡಿಸುವುದು. ಮುಖ ನೋಡುವ ಹಾಗಿಲ್ಲ. ಅರ್ಧ ಮೊರ ತುಂಬಿದ ಮೇಲೆ, ಏನೋ ಮರೆತದ್ದು ನೆನಪಾದ ಹಾಗೆ, ಒಂದು ಮಾತು. "ಕೈ ಕೆಲಸದಲ್ಲಿದ್ರೆ ಬಾಯಿ ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಪೆನ್ನು ಹಿಡಿದು ಕೂತಿರುತ್ತಿದ್ದೆ. ಹುಣಸೆಯ ಹುಳಿ ವಾಸನೆ, ಕೊಟ್ಟಿಗೆಯ ಕತ್ತಲು, ಬಾಗಿಲಲ್ಲಿ ಬಿದ್ದ ಚೌಕ ಬಿಸಿಲು ನಿಧಾನವಾಗಿ ನನ್ನ ಕಾಲ ಬೆರಳಿನ ಕಡೆ ಸರಿಯುವುದು. ಎಷ್ಟೋ ಸಲ ಪ್ರಶ್ನೆ ಮರೆತು ಆ ಬಿಸಿಲನ್ನೇ ನೋಡುತ್ತಿದ್ದೆ.

ಉತ್ತರಗಳು ನನ್ನ ಹಾಳೆಯ 'ಹೌದು', 'ಇಲ್ಲ'ಗಳಲ್ಲಿ ಹಿಡಿಸುತ್ತಿರಲಿಲ್ಲ. ಗುಂಡ್ಲುಪೇಟೆಯ ಒಬ್ಬ ಮರಗೆಲಸದವನು, ಮಗನಿಗೆ ಒಂದು ಕಿವಿಯಿಲ್ಲ, ಕೈಯಲ್ಲಿದ್ದ ಹಲಗೆಯನ್ನು ತಿರುಗಿಸಿ ನೋಡುತ್ತಾ, "ಅವನ ಮರದಿಂದ ಅವನಿಗೇ ಬಾಗಿಲು. ತಪ್ಪೇನಿದೆ? ಆದ್ರೆ ಬೆಳೀತಾ ಇರೋದನ್ನ ನಿಲ್ಸೋರು ಯಾರು? ಕಿವಿ ನಿಲ್ದೆ ಬೆಳ್ಕೊಂಡು ಹೋದ್ರೆ?" ಎಂದ. ಒಬ್ಬ ತಾಯಿ, ಗ್ರಹಣದ ದಿನ ಬಸುರಿಯಾಗಿದ್ದಾಗ ಸೌದೆ ಸೀಳಿದ್ದರಿಂದಲೇ ಮಗುವಿನ ತುಟಿ ಸೀಳಿತೆಂದು ನಂಬಿಕೊಂಡವಳು, "ಕೂಸ್ನ ಯಾಕ್ ಚುಚ್ಚೀರಿ? ನನ್ ಮೈಲಿ ತಗಳಿ, ಎಷ್ಟ್ ಬೇಕಾರೂ ತಗಳಿ" ಎಂದು ತೋಳು ಮುಂದೆ ಮಾಡಿದಳು. ಒಬ್ಬ ಮುದುಕಿ ಕೇಳಿದಳು: "ಸೀಸೇಲಿ ಅದು ಯಾನ ಉಂಡು ಬೆಳೆದದು?" ನಾನು ಸತ್ಯವನ್ನೇ ಹೇಳಬೇಕೆಂದುಕೊಂಡಿದ್ದೆ. ಎಳೆಗರುವಿನ ರಕ್ತದಿಂದ ತೆಗೆದ ತಿಳಿಯಲ್ಲಿ ಬೆಳೆಸುತ್ತಾರೆ ಎಂದೆ. ಮನೆಯಲ್ಲಿ ಎಲ್ಲರ ಕೈ ನಿಂತಿತು. ಸಿಸ್ಟರಮ್ಮ ಬೀಜ ತೆಗೆಯುವುದನ್ನು ನಿಲ್ಲಿಸದೆ, "ಹಸುವಿನ ಋಣ ಇಲ್ದಿರೋ ಮೈ ಯಾವ್ದವ್ವಾ ಇದೆ? ನೀ ಕುಡಿದಿದ್ದು ಏನು, ಕಲ್ಲಿನ ಹಾಲಾ?" ಎಂದರು. ಮುದುಕಿ ನಕ್ಕಳು, ಕೈಗಳು ಮತ್ತೆ ಆಡಿದವು. ಅವರು ಸಮಾಧಾನ ಹೇಳಿದರೇ, ವಿಷಯ ಮುಚ್ಚಿದರೇ? ಆ ಹಾಳೆಯಲ್ಲಿ ನಾನು 'ಒಪ್ಪಿಗೆ' ಎಂದೇ ಗುರುತು ಹಾಕಿದೆ. ಹಾಕುವಾಗ ಅನುಮಾನ ಇತ್ತೋ, ಈಗ ಸೇರಿಕೊಂಡಿದೆಯೋ ಹೇಳಲಾರೆ.

ದಿನದ ಕೊನೆಯ ಊರಿನಲ್ಲಿ ಅವರದ್ದೊಂದು ಪದ್ಧತಿ ಇತ್ತು. ಲಸಿಕೆ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದ ಐಸನ್ನು ಮಕ್ಕಳ ಕೈಗೆ ಒಂದೊಂದು ಚೂರು ಹಾಕುವುದು. ಸೂಜಿ ಚುಚ್ಚಿಸಿಕೊಂಡು ಅತ್ತ ಮಕ್ಕಳೇ ಮುಷ್ಟಿ ಬಿಗಿದು ನೀರು ತೊಟ್ಟಿಕ್ಕಿಸುತ್ತಾ ಓಡುತ್ತಿದ್ದರು.

ಇಷ್ಟು ಹೇಳಿ ನಿಲ್ಲಿಸಿಬಿಡಬಹುದಾಗಿತ್ತು. ಆದರೆ ನಾನು ಬರೆಯಲು ಕೂತದ್ದು ಮಾದಪ್ಪನವರ ಮನೆಯ ವಿಷಯಕ್ಕೆ.

ಬೆಟ್ಟದ ಬುಡದ ಊರು ಅವರದು. ಮಾದಪ್ಪ, ಅವರ ಸೊಸೆ ಶಿವಮ್ಮ, ಶಿವಮ್ಮನ ಮಗಳು ಮಾದೇವಿ. ಮಗ ಕೂಲಿಗೆ ಕೇರಳದ ಕಡೆ ಹೋಗಿಬಂದು ಮಾಡುತ್ತಿದ್ದ. ಮಾದೇವಿಗೆ ಹುಟ್ಟಿನಿಂದ ತುಟಿಯೂ ಅಂಗುಳವೂ ಸೀಳು. ತುಟಿಯನ್ನು ಕೂಸಾಗಿದ್ದಾಗಲೇ ನಮ್ಮ ಸರ್ಜನ್ನರೇ ಹೊಲಿದಿದ್ದರು. ಇನ್ನು ಅಂಗುಳ. ಅದಕ್ಕೆ ಯುಗಾದಿಯ ಮುಂದಿನ ವಾರಕ್ಕೆ ದಿನ ಕೊಟ್ಟಾಗಿತ್ತು. ಮಾತು ಕಲಿಯುವ ಮುಂಚೆ ಅದು ಆಗಲೇಬೇಕು. ಆಗದಿದ್ದರೆ ಗಾಳಿ ಮೂಗಿಗೆ ಹೋಗಿ, ಮಾತು ಬಾಯಲ್ಲಿ ಹುಟ್ಟದೆ ಮೂಗಿನಲ್ಲೇ ಹುಟ್ಟುತ್ತದೆ. ಆಮೇಲೆ ಹೊಲಿದರೂ ನಾಲಿಗೆ ಕಲಿತದ್ದನ್ನು ಬಿಡಿಸುವುದು ಕಷ್ಟ. ಆ ದಿನಾಂಕಕ್ಕೆ ಮಾದಪ್ಪನವರನ್ನು ಒಪ್ಪಿಸಲು ಸಿಸ್ಟರಮ್ಮ ಒಂದು ವರ್ಷ ಆ ಮನೆಯ ಹುಣಸೆ, ಅವರೆ, ಕಡಲೆಕಾಯಿ ಎಲ್ಲ ಬಿಡಿಸಿದ್ದರು.

"ಆ ಮನೆಗೆ ನಾನಿಲ್ದೆ ಹೋಗ್ಬೇಡಿ" ಎಂದು ಅವರು ಹೇಳಿದ್ದರೇ? ಹೇಳಿದ್ದರು ಎಂದೇ ನನ್ನ ನೆನಪು. ಡೈರಿಯಲ್ಲಿಲ್ಲ. ತಪ್ಪು ಮಾಡಿದ ಮೇಲೆ ಎಚ್ಚರಿಕೆಯನ್ನು ನಾವೇ ಹಿಂದಕ್ಕೆ ಹೋಗಿ ಇಟ್ಟುಬರುತ್ತೇವೇನೋ.

ಅವತ್ತು ಅವರು ಪಕ್ಕದ ಊರಿಗೆ ಹೆರಿಗೆಗೆ ಹೋಗಿದ್ದರು. ನಾನೊಬ್ಬಳೇ ಮಾದಪ್ಪನವರ ಜಗುಲಿಯಲ್ಲಿ ಕೂತು ಪ್ರಶ್ನಾವಳಿ ಬಿಚ್ಚಿದೆ. ಮಾದಪ್ಪ ಕೈಕಟ್ಟಿಕೊಂಡು ಕೇಳಿದರು. ಕರುವಿನ ರಕ್ತದ ಮಾತಿಗೂ ಹುಬ್ಬು ಏರಿಸಲಿಲ್ಲ. ಎಲ್ಲದಕ್ಕೂ "ಒಪ್ಗೆ ತಾಯಿ". ಕೊನೆಗೆ ಒಂದೇ ಪ್ರಶ್ನೆ ಅವರದ್ದು.

"ಕೂಸಿನ ಹೆಸ್ರ ಸರ್ಯಾಗಿ ಬರ್ಕಂಡ್ರಾ?"

"ಬರ್ಕೊಂಡೆ."

"ಎಲ್ಲಿ, ಓದಿ."

ಓದಿದೆ. ಅವರು ಹೆಬ್ಬೆರಳನ್ನು ಇಂಕ್ ಪ್ಯಾಡಿಗೊತ್ತಿ, ಬಹಳ ಅನುಭವವಿದ್ದವರಂತೆ ಒಂದು ಸುತ್ತು ಹೊರಳಿಸಿ ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು. "ಕೂಸಿಂದೂ ಒತ್ತುಸ್ಕಳಿ. ನಾಳೆ ಯಾರೂ ಯಾನೂ ಅನ್ನಂಗಿರಬಾರ್ದು." ನನಗೆ ಅದು ಮುದ್ದಾಗಿ ಕಂಡಿತು. ಶಿವಮ್ಮ ಮಗಳ ಬೆರಳು ಹಿಡಿದು ಒತ್ತಿದಳು. ದೊಡ್ಡ ಹೆಬ್ಬೆಟ್ಟಿನ ಪಕ್ಕ ಕಡಲೆಬೀಜದಷ್ಟು ಪುಟ್ಟದೊಂದು ಮಸಿಯ ಗುರುತು. ಮಾದೇವಿ ತನ್ನ ನೀಲಿ ಬೆರಳನ್ನು ನೋಡಿ ನಕ್ಕಳು. ನಾನೂ ನಕ್ಕೆ.

ಒಂದು ತಿಂಗಳ ಮೇಲೆ, ಗುಂಡ್ಲುಪೇಟೆಯ ಟೀ ಅಂಗಡಿಯ ಬೆಂಚಿನ ಮೇಲೆ ನಾನು ಕೂತಿದ್ದಾಗ ಸಿಸ್ಟರಮ್ಮ ಬಂದು ನಿಂತರು. ಕೂರಲಿಲ್ಲ.

"ಏನ್ ಹೇಳಿ ಬಂದ್ರಿ ಆ ಮನೇಲಿ?"

"ಯಾವ ಮನೆ?"

"ಮಾದಪ್ಪ ಮೈಸೂರಿಗೆ ಬರಲ್ಲ ಅಂತಾನೆ. ಕೂಸನ್ನ ಕಳಿಸಲ್ಲ ಅಂತಾನೆ. ಪಟ್ಟೀಲಿ ಹೆಸರು ಬಂದಿದೆಯಂತೆ."

ನನಗೆ ಅರ್ಥವಾಗಲಿಲ್ಲ. ಅವರು ಅರ್ಥ ಮಾಡಿಸಿದರು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ. ಅವರ ಊರಿಗೆ ಪುಸ್ತಕ ಹಿಡಿದು ಬಂದವರೆಲ್ಲ ಹೆಸರು ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾರೆ. ಆಮೇಲೆ ಒಂದು ದಿನ ಏನೋ ಬರುತ್ತದೆ: ಎಮ್ಮೆ, ಪಂಪ್‌ಸೆಟ್, ಜನತಾ ಮನೆ. ಬರೆದುಕೊಂಡರೆ ಬಂತು ಎಂದೇ ಲೆಕ್ಕ. ಹಿಂದೆ ಜನತಾ ಮನೆಯ ಪಟ್ಟಿ ಬಂದಾಗ ಮಾದಪ್ಪ ಆತುರಪಟ್ಟು ಗುಡಿಸಲಿಗೆ ಹೆಂಚು ಹೊದಿಸಿದ್ದರು. ನೋಡಲು ಬಂದವರು, ಮನೆ ಇದ್ದವರಿಗೆ ಮನೆ ಇಲ್ಲ ಎಂದು ಪಟ್ಟಿಯಿಂದ ಹೆಸರು ಹೊಡೆದು ಹಾಕಿ ಹೋದರು. ಸೋರುವ ಸೂರಿನಡಿ ಕಾದು ಕೂತ ಪಕ್ಕದ ಮನೆಯವನಿಗೆ ಮನೆ ಬಂತು.

"ಈಗ ಹೊಲಿಸಿಬಿಟ್ರೆ, ಅಂಗುಳ ಇದ್ದವರಿಗೆ ಅಂಗುಳ ಇಲ್ಲ ಅಂತ ಹೆಸರು ಹೊಡೀತಾರಂತೆ. ಹೊಲಿದಿದ್ದು ತೇಪೆ, ನಿಮ್ಮದು ಬೆಳೆದಿದ್ದು. ಮೊಮ್ಮಗಳಿಗೆ ಒಳ್ಳೇದೇ ಬರಲಿ ಅಂತ ಮುದುಕ ಕಾಯ್ತಾ ಕೂತಿದ್ದಾನೆ" ಎಂದರು. ಟೀ ಅಂಗಡಿಯವನು ಲೋಟ ಹಿಡಿದು ನಿಂತಿದ್ದ. ಅವರು ಅದನ್ನು ತೆಗೆದುಕೊಳ್ಳಲಿಲ್ಲ.

ಅವತ್ತೇ ಹೋದೆವು. ನಾನು ಜಗುಲಿಯ ಮೇಲೆ ನಿಂತು, ಅಂಥ ಚಿಕಿತ್ಸೆ ನಮ್ಮಲ್ಲಿ ಇಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ, ಅಭಿಪ್ರಾಯ ಕೇಳಿದ್ದು ಅಷ್ಟೆ ಎಂದು ಹೇಳಿದೆ. ವಿಶ್ವವಿದ್ಯಾಲಯದಲ್ಲಿ ಕಲಿತ ಎಲ್ಲ ಸರಳ ಮಾತುಗಳಲ್ಲೂ ಹೇಳಿದೆ. ಮಾದಪ್ಪ ಕೇಳಿಸಿಕೊಂಡು, ಸಿಟ್ಟಿಲ್ಲದೆ, ನಿಜವಾಗಿ ತಿಳಿಯಬೇಕೆಂಬ ಹಾಗೆ ಕೇಳಿದರು:

"ಇಲ್ದಿದ್ ಮೇಲೆ ಯಾಕವ್ವಾ ಬರ್ಕಂಡೋದೆ?"

ಈ ಪ್ರಶ್ನೆಗೆ ನಾನು ಇಷ್ಟು ವರ್ಷಗಳಲ್ಲಿ ಹಲವು ಉತ್ತರ ಸಿದ್ಧ ಮಾಡಿದ್ದೇನೆ. ಗೋಡೆಗೊರಗಿ ಬೀಡಿ ಸೇದುತ್ತಿದ್ದ ನೆರೆಯವನೊಬ್ಬ ನಮಗೆ ಕೇಳಲಿ ಎಂದೇ, "ಬಂದಿರ್ತದೆ ಕಣ್ಲಾ ಮಾದಪ್ಪಾ, ಪಟ್ಣದೋರ್ ಮಕ್ಳಿಗ್ ಕೊಟ್ಬುಟ್ಟಿರ್ತರೆ. ನೀ ಹೆಬ್ಬೆಟ್ ಒತ್ಕಂಡ್ ಕೂತ್ಕ" ಎಂದ. ಮಾದೇವಿ ನನ್ನ ಸೆರಗು ಹಿಡಿದು ಏನೋ ಹೇಳಿದಳು. ಆಗಲೇ ಮಾತು ಶುರುವಾಗಿತ್ತು. ಅಷ್ಟೂ ಮೂಗಿನಲ್ಲಿ, ಮಂಜಿನಾಚೆ ಯಾರೋ ಕರೆದ ಹಾಗೆ, ಅಂಚೇ ಇಲ್ಲದ ಮಾತು. ಶಿವಮ್ಮನಿಗೆ ಮಾತ್ರ ತಿಳಿಯಿತು. "ಕುಂತ್ಕಳಿ ಅಂತೈತೆ" ಎಂದಳು.

ಹಿಂದಿರುಗುವಾಗ ಸಿಸ್ಟರಮ್ಮ ಹುಣಸೆಮರದ ಕೆಳಗೆ ಮೊಪೆಡ್ ನಿಲ್ಲಿಸಿದರು. "ಆ ಹೆಬ್ಬೆಟ್ಟಿನ ಕಾಗದ ಎಲ್ಲಿದೆ?"

"ಮೈಸೂರಲ್ಲಿ, ಆಫೀಸಿನ ಕಪಾಟಲ್ಲಿ."

"ತಂದ್ಕೊಡಿ."

ತರಲಾಗುವುದಿಲ್ಲ ಎಂದೆ. ಅದು ಗುಟ್ಟಾಗಿ ಇಡಬೇಕಾದ ದಾಖಲೆ, ಅಧ್ಯಯನದ್ದು, ನನ್ನದಲ್ಲ. ಅವರು ಹ್ಯಾಂಡಲ್ ಮೇಲೆ ಕೈಯಿಟ್ಟು ಬೆಟ್ಟದ ಕಡೆ ನೋಡುತ್ತಾ, "ಅದು ನಿಮ್ಮ ಪುಸ್ತಕ. ಇದು ಅವಳ ಬಾಯಿ" ಎಂದರು. ಮತ್ತೆ ಆ ಮಾತೆತ್ತಲಿಲ್ಲ.

ಆಮೇಲಿನ ದಿನಗಳ ನನ್ನ ಡೈರಿ ಓದಲು ನಾಚಿಕೆಯಾಗುತ್ತದೆ. ಗೆಳತಿಯ ಮದುವೆ, ಒಂದು ಸಿನಿಮಾ, ನೆಗಡಿ. ಕಪಾಟಿನ ಮುಂದೆ ಎಷ್ಟು ಸಲ ನಿಂತೆನೋ ಅದು ಎಲ್ಲೂ ಇಲ್ಲ. ಯುಗಾದಿ ಕಳೆಯಿತು. ಶಸ್ತ್ರಚಿಕಿತ್ಸೆಯ ದಿನಕ್ಕೆ ನಾಲ್ಕು ದಿನ ಉಳಿದಾಗ ಯಾರಿಗೂ ಹೇಳದೆ ಆ ಹಾಳೆಗಳನ್ನು ತೆಗೆದು ಚೀಲಕ್ಕೆ ಹಾಕಿಕೊಂಡು ಗುಂಡ್ಲುಪೇಟೆಯ ಬಸ್ ಹತ್ತಿದೆ. ನಂಜನಗೂಡು ದಾಟಿದ್ದು ತಿಳಿಯಲಿಲ್ಲ. ಕಿಟಕಿಯಾಚೆ ಹೊಲಗಳು ತೇಲಿಹೋಗುತ್ತಿದ್ದವು. ತೊಡೆಯ ಮೇಲಿನ ಚೀಲದೊಳಗೆ ಆ ಪುಟ್ಟ ಬೆರಳು ಬೆಚ್ಚಗಿದೆ ಎಂಬ ಭ್ರಮೆ.

ಆ ದಿನ ನಿಜವಾಗಿಯೂ ಮಂಜಿತ್ತು. ಇದನ್ನು ಡೈರಿಯೂ ಒಪ್ಪುತ್ತದೆ. ಮಾದಪ್ಪನವರ ಮನೆಯ ಹತ್ತಿರ ಸಿಸ್ಟರಮ್ಮ ನನ್ನ ಕೈಯಿಂದ ಹಾಳೆ ತೆಗೆದುಕೊಂಡು, "ನೀವು ಗಾಡಿ ಹತ್ರ ಇರಿ. ಏನು ಕೇಳಿದ್ರೂ ಬಾಯಿ ಬಿಡಬೇಡಿ" ಎಂದು ಹೇಳಿ ಹೋದರು. ಸೂರ್ಯಕಾಂತಿ ಹೊಲದ ಅಂಚಿನಲ್ಲಿ ನಿಂತೆ. ಅವರ ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ ಬಂತು.

"ಮಾದಪ್ಪಾರೆ, ತಗೊಳ್ಳಿ ನಿಮ್ಮ ಕಾಗದ. ಪಟ್ಟಿಯಿಂದ ಕೂಸಿನ ಹೆಸರು ಹೊಡೆಸ್ಬಿಟ್ಟೆ."

"ಯಾರ್ ಹೊಡೆಸ್ದರು?"

"ನಾನೇ."

ಕಾಗದ ಬಿಚ್ಚಿದ ಸದ್ದು. ಆಮೇಲೆ ಮಾದಪ್ಪನವರ ದನಿ, ನಾನು ಅದುವರೆಗೆ ಕೇಳದ ದನಿ:

"ನಮ್ ಕೂಸು ನಿಂಗ್ ಯಾನ್ ಮಾಡಿತ್ತವ್ವಾ? ಹೊಟ್ಟೆಯಿಂದ ಎಳೆದೋಳು ನೀನೇ. ಬಾಯಿಗೆ ಮಣ್ ಹಾಕ್ದೋಳೂ ನೀನೇ. ನಿಮ್ ಜನಕ್ಕ್ ಬರಸ್ಕೊಟ್ಯಾ? ಯೋಳು, ಯಾರ್ಗ್ ಬರಸ್ಕೊಟ್ಟೆ?"

"ಯಾರಿಗಾದ್ರೂ ಬರೆಸಿಕೊಟ್ಟಿರ್ತೀನಿ. ನಿಮಗಂತೂ ಇಲ್ಲ. ನಿಮಗಿರೋದು ಮೈಸೂರಿನ ದಿನಾಂಕ ಒಂದೇ. ಅದೂ ಹೋದ್ರೆ ಆ ಕಡೇನೂ ಇಲ್ಲ, ಈ ಕಡೇನೂ ಇಲ್ಲ."

"ಓಗು. ಇನ್ ಈ ಬಾಗ್ಲ ತುಳೀಬ್ಯಾಡ."

ಅವರು ಬಂದರು. ನಿಧಾನವಾಗಿ ಮೊಪೆಡ್ ತುಳಿದರು. ಊರು ದಾಟಿದ ಮೇಲೆ ನಾನು ಕೇಳಿದೆ, ನನ್ನ ಹೆಸರು ಹೇಳಬಹುದಿತ್ತಲ್ಲ, ತಪ್ಪು ನನ್ನದು ತಾನೇ ಎಂದು. ಅವರು ತಿರುಗದೆಯೇ ಹೇಳಿದರು:

"ನೀವು ಮೈಸೂರು. ನಿಮ್ಮ ಮೇಲೆ ಕೋಪ ಬಂದ್ರೆ ಮೈಸೂರಿನ ಮೇಲೆ ಬರುತ್ತೆ. ಆಸ್ಪತ್ರೆಗೇ ಹೋಗಲ್ಲ ಅಂತಾರೆ. ನನ್ನ ಮೇಲೆ ಬಂದ್ರೆ ಏನು? ನಾನು ಗುಂಡ್ಲುಪೇಟೆ."

"ಆದ್ರೂ ಸುಳ್ಳು..."

"ಯಾವುದು ಸುಳ್ಳು? ಹೊಡೆಸಿದ್ದು ನಿಜ ತಾನೇ?" ಎಂದು ನಕ್ಕರು. ಬೆನ್ನಿನ ಹಿಂದೆ ಕೂತವಳಿಗೆ ನಗು ಕೇಳುತ್ತದೆ, ಮುಖ ಕಾಣುವುದಿಲ್ಲ.

ನಾಲ್ಕನೆಯ ದಿನ ಮಾದಪ್ಪ, ಶಿವಮ್ಮ, ಮಾದೇವಿ ಮೈಸೂರಿನ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡು ಮಾದಪ್ಪ ಕೈಮುಗಿದರು. "ನೀನಾರು ಒಳ್ಳೇದಕ್ ಬರ್ಕಂಡಿದ್ದೆ ತಾಯಿ. ಆ ಸಿಸ್ಟರಮ್ಮ ತಪ್ಪಿಸ್ಬುಟ್ಟಳು" ಎಂದರು. ನಾನು ಏನೂ ಹೇಳಲಿಲ್ಲ. ಬಾಯಿ ಬಿಡಬೇಡಿ ಎಂದಿದ್ದರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಎಷ್ಟು ಸುಲಭವಾಗಿ ಸಿಕ್ಕಿತೆಂಬುದು ಇವತ್ತಿಗೂ ಕಾಡುತ್ತದೆ.

ಅಧ್ಯಯನ ಮುಗಿಯಿತು. ಬಹುಪಾಲು ಕುಟುಂಬಗಳು ಹೊಸ ಚಿಕಿತ್ಸೆಯನ್ನು ಒಪ್ಪುತ್ತವೆ ಎಂದು ವರದಿ ಬರೆದೆವು. ಒಂದು ಪ್ರಶ್ನಾವಳಿ ಕಡಿಮೆಯಿರುವುದನ್ನು ಯಾರೂ ಗಮನಿಸಲಿಲ್ಲ. ಸರ್ಜನ್ ಸಂತೋಷಪಟ್ಟರು, ಒಳ್ಳೆಯ ಮನುಷ್ಯರು. ಆ 'ಒಪ್ಪಿಗೆ'ಗಳಲ್ಲಿ ಎಷ್ಟು ಜನ ಪಟ್ಟಿಯ ಆಸೆಗೆ ಒಪ್ಪಿದರು, ಎಷ್ಟು ಜನ ಜಗುಲಿಗೆ ಬಂದವಳ ಮನಸ್ಸು ನೋಯಿಸಬಾರದೆಂದು ಒಪ್ಪಿದರು, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ವರದಿಯಲ್ಲಿ ಕಾಲಂ ಇರಲಿಲ್ಲ.

ಸಿಸ್ಟರಮ್ಮ ಆ ಊರಿಗೆ ಹೋಗುವುದನ್ನು ಬಿಡಲಿಲ್ಲ. ಬಿಡುವ ಹಾಗಿರಲಿಲ್ಲ. ಮಾದಪ್ಪನವರ ಮನೆಯಿಂದ ನೀರೂ ಬರುತ್ತಿರಲಿಲ್ಲ. ಆ ಮಾತು ಊರೆಲ್ಲ ಹರಡಿ ಇನ್ನೆರಡು ಮನೆಗಳೂ ಬಾಗಿಲು ಹಾಕಿಕೊಂಡವಂತೆ. ಇದನ್ನು ಅವರು ಹೇಳಿದ್ದಲ್ಲ, ಟೀ ಅಂಗಡಿಯವನು ಹೇಳಿದ್ದು.

ಕೆಲವು ವರ್ಷ ಕಳೆದು ಚಾಮರಾಜನಗರ ಜಿಲ್ಲೆಯಾಗಿತ್ತು. ನಾನು ಬೇರೊಂದು ಕೆಲಸದಲ್ಲಿದ್ದೆ, ಒಂದು ಪೋಲಿಯೋ ಭಾನುವಾರ ಉಸ್ತುವಾರಿಗೆಂದು ಅದೇ ಬೆಟ್ಟದ ಬುಡದ ಊರಿಗೆ ಬಂದೆ. ಆ ತಾರೀಕಿನ ಡೈರಿ ಪುಟ ಖಾಲಿ ಇದೆ. ಹಾಗಾಗಿ ಮುಂದಿನದನ್ನು ನನ್ನ ನೆನಪಿನ ಜವಾಬ್ದಾರಿಯ ಮೇಲೆಯೇ ಬರೆಯುತ್ತಿದ್ದೇನೆ.

ಶಾಲೆಯ ಜಗುಲಿ. ಎಳೆಬಿಸಿಲು ಹೆಂಚಿನ ಸಂದಿಯಿಂದ ನೂಲುನೂಲಾಗಿ ಇಳಿಯುತ್ತಿತ್ತು. ಸಿಸ್ಟರಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಿವೃತ್ತಿಗೆ ಕೆಲವೇ ತಿಂಗಳಿದ್ದವು. ಒಂದೊಂದು ಮಗುವಿನ ಗಲ್ಲ ಒತ್ತಿ ಎರಡೆರಡು ಹನಿ ಹಾಕುತ್ತಿದ್ದರು. ಸಾಲಿನಲ್ಲಿ ಆರೇಳು ವರ್ಷದ ಒಬ್ಬಳು ಹುಡುಗಿ, ಸೊಂಟದ ಮೇಲೆ ತಂಗಿ. ತುಟಿಯ ಮೇಲೆ ಸಣ್ಣ ಗೆರೆ ನೋಡಿ ನನಗೆ ಗುರುತು ಸಿಕ್ಕಿತು. ಸರದಿ ಬಂದಾಗ ಅವಳು ಮುಂದೆ ಹೋಗಲಿಲ್ಲ. ತಂಗಿಯನ್ನು ನನ್ನ ಕಡೆ ಎತ್ತಿ ಹಿಡಿದು, "ನೀವಾಕಿ. ಅವ್ರ್ ಕೈಲಿ ಬ್ಯಾಡ" ಎಂದಳು.

"ಯಾಕಮ್ಮಿ?"

"ನಮ್ ತ್ಯಾತ ಯೋಳಿತ್ತು. ಪಟ್ಟೀಲಿ ನನ್ ಹೆಸ್ರ ಹೊಡೆಸ್ಬುಟ್ಟೋರು ಇವ್ರೇ. ಕೆಟ್ಟೋರು."

ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಾನು ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಹೆಸರು ಬರೆದವಳು ನಾನು ಎಂದು ಹೇಳಲು ಬಾಯಿ ತೆರೆದೆ. ಸಿಸ್ಟರಮ್ಮನ ಕೈ ನನ್ನ ಭುಜದ ಮೇಲೆ ಬಿತ್ತು, ಭಾರವಾಗಿ. ಅವರು ನನ್ನನ್ನು ನೋಡುತ್ತಿರಲಿಲ್ಲ. ಹನಿ ಹಾಕುವ ಸೀಸೆ ಇನ್ನೊಂದು ಕೈಯಲ್ಲಿ ಹಾಗೇ ನಿಂತಿತ್ತು.

"ಏನಂದೆ ಮಗಾ? ಇನ್ನೊಂದ್ಸಲ ಹೇಳು."

ಹುಡುಗಿ ಹೆದರಲಿಲ್ಲ. ತಂಗಿಯನ್ನು ಸರಿಯಾಗಿ ಸೊಂಟಕ್ಕೇರಿಸಿಕೊಂಡು ಒಂದೊಂದೇ ಮಾತು ಕಲ್ಲಿನ ಹಾಗೆ ಎತ್ತಿಟ್ಟಳು. "ಪಟ್ಟೀಲಿ. ನನ್ ಹೆಸ್ರ. ಹೊಡೆಸ್ಬುಟ್ಟೋರು. ನೀವು. ಕೆಟ್ಟೋರು."

ಒಂದಕ್ಷರವೂ ಮೂಗಿಗೆ ಹೋಗಲಿಲ್ಲ. ಸಿಸ್ಟರಮ್ಮ ಕಣ್ಣು ಮುಚ್ಚಿಕೊಂಡಿದ್ದರು.

"ಸರಿಯಾಗಿ ಕೇಳಿಸ್ಲಿಲ್ಲ. ಆ ಕೊನೇಲಿರೋರಿಗೂ ಕೇಳಬೇಕು" ಎಂದರು. "ಕೂಗಿ ಹೇಳು."

ಅವಳು ಕೂಗಿ ಹೇಳಿದಳು.